ಜೋಡಿ ಡೆಸ್ಕೋ, ಬಿಡಿ ಕುರ್ಚಿ-ಮೇಜೋ?

ದಾನಿಗಳ ಹಣ ಕೈಗೆ ಬಂದಾಗ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಏಳುವ ಪ್ರಶ್ನೆ ಇದು.

ಕಬ್ಬಿಣದ ಚೌಕಟ್ಟಿಗೆ ಹಲಗೆ ಬಿಗಿದ ಜೋಡಿ ಡೆಸ್ಕ್ ಗಟ್ಟಿ, ವರ್ಷಗಟ್ಟಲೆ ಅಲುಗದು. ಸಾಲಾಗಿ ಕುಳಿತು ಬರೆಯುವ, ಲೆಕ್ಕ ಬಿಡಿಸುವ ಕೆಲಸಕ್ಕೆ ಅದೇ ಮೇಲು. ಆದರೆ ಆಸನಕ್ಕೂ ಮೇಜಿಗೂ ನಡುವಿನ ಅಂತರ ಬದಲಾಗುವುದಿಲ್ಲ. ಏಳನೆಯ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತ ಇಬ್ಬರನ್ನು ನೋಡಿ: ಒಬ್ಬಳ ಮೊಣಕಾಲು ಮೇಜಿನ ಅಡಿಗೆ ತಗಲುತ್ತದೆ, ಪಕ್ಕದವಳ ಪಾದ ಗಾಳಿಯಲ್ಲಿ ತೂಗಾಡುತ್ತದೆ. ಕಾಲು ನೆಲ ಮುಟ್ಟದಿದ್ದರೆ ತೊಡೆಯ ಕೆಳಗೆ ಒತ್ತಡ ಬಿದ್ದು ಜೋಮು ಹಿಡಿಯುತ್ತದೆ. ಆ ಮಗು ಮಿಸುಕಾಡಿದರೆ ತುಂಟತನವೆಂದು ನಾವು ಗದರುತ್ತೇವೆ!

ಬಿಡಿ ಕುರ್ಚಿ-ಮೇಜುಗಳನ್ನು ಬೇರೆ ಬೇರೆ ಅಳತೆಯಲ್ಲಿ ತರಿಸಬಹುದು. ಚರ್ಚೆಗೆ ಅರ್ಧವೃತ್ತ, ಗುಂಪು ಕೆಲಸಕ್ಕೆ ನಾಲ್ವರ ಕೂಟ, ಪರೀಕ್ಷೆಗೆ ಮತ್ತೆ ಸಾಲು. ಖರ್ಚು ಹೆಚ್ಚು, ಎಳೆದಾಟದ ಸದ್ದೂ ಹೆಚ್ಚು. ಕಾಲುಗಳಿಗೆ ರಬ್ಬರ್ ಬುಷ್ ಹಾಕಿಸದಿದ್ದರೆ ಪಕ್ಕದ ತರಗತಿಯ ಪಾಠ ಕೆಟ್ಟಿತೆಂದೇ ಲೆಕ್ಕ.

1ರಿಂದ 3ನೆಯ ತರಗತಿಗೆ ಎರಡೂ ಬೇಡ ಎನ್ನುತ್ತೇನೆ. ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯ ಈ ಮಕ್ಕಳು ಗುಂಪಿನಿಂದ ಗುಂಪಿಗೆ ಓಡಾಡುತ್ತಲೇ ಕಲಿಯುವವರು. ಅವರಿಗೆ ಚಾಪೆ, ತಗ್ಗು ಮೇಜು ಸಾಕು.

ದೊಡ್ಡ ತರಗತಿಗಳಿಗೆ ಬಿಡಿ ಮೇಜೇ ನನ್ನ ಆಯ್ಕೆ. ಕೋಣೆ ಕಿರಿದಾಗಿದ್ದರೆ ಜೋಡಿ ಡೆಸ್ಕೇ ಇರಲಿ, ಆದರೆ ಎರಡು ಎತ್ತರಗಳಲ್ಲಿ. ಆರ್ಡರ್ ಕೊಡುವ ಮುನ್ನ ಟೇಪು ಹಿಡಿದು ಮಕ್ಕಳ ಮೊಣಕಾಲಿನ ಎತ್ತರ ಅಳೆಯಿರಿ.