ಬಿಟ್ಟ ಅಂಕಿ ಬುಕ್ಕಾ, ಚುಕ್ಕಿ ಸೇರ್ಸೋದಾ, ಕತ್ತರ್ಸಿ ಅಂಟ್ಸೋದಾ? ನಮ್ಮನೇಲಿ ಮೂರೂ ಮಾಡಿ ನೋಡಿದ್ದು

ನನ್ನ ಮಗಳಿಗೆ ಐದು ವರ್ಷ ನಾಲ್ಕು ತಿಂಗಳು, ಇಲ್ಲೇ ಕಾರವಾರದಲ್ಲಿ ಯುಕೆಜಿ. ಐವತ್ತರ ತನಕ ಒಂದೇ ಉಸಿರಲ್ಲಿ ಹೇಳ್ತಾಳೆ, ಆದ್ರೆ "17 ಆದ್ಮೇಲೆ ಏನ್ ಪುಟ್ಟಿ" ಅಂದ್ರೆ ಮತ್ತೆ ಒಂದರಿಂದ ಶುರು ಮಾಡಿ ಅಲ್ಲೀವರೆಗೆ ಬರ್ಬೇಕು, 17ಕ್ಕಿಂತ ಹಿಂದಿಂದು ಕೇಳಿದ್ರಂತೂ ಸುಮ್ನೆ ನನ್ನ ಮುಖ ನೋಡ್ತಾಳೆ. ಅಂದ್ರೆ ಅವಳಿಗೆ ಅದು ಹಾಡಾಗಿ ಬಂದಿದೆ, ಕ್ರಮ ಬಂದಿಲ್ಲ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್ ತನಕ, ಜಾಸ್ತಿ ಜುಲೈ ಮಳೆ ರಜೆಯಲ್ಲಿ, ಮೂರು ನಮೂನೆ ಬುಕ್ ತಂದು ಮಾಡಿಸಿದೆ. ದಿನಾ ಹತ್ತು ಹದಿನೈದು ನಿಮಿಷ ಅಷ್ಟೇ, ಅದಕ್ಕಿಂತ ಜಾಸ್ತಿ ಕೂರ್ಸಿಲ್ಲ.

ಮೊದ್ಲು ತಂದಿದ್ದು ಬಿಟ್ಟ ಅಂಕಿ ತುಂಬೋ ಬುಕ್, 90 ರೂಪಾಯಿ. ಹಿಂದಿನ ಸಂಖ್ಯೆ, ಮುಂದಿನ ಸಂಖ್ಯೆ, ನಡುವಿನ ಸಂಖ್ಯೆ, ಎಲ್ಲಾ ಇದೆ. ಮೊದಲ ವಾರ ಖುಷಿ ಆಯ್ತು ನಂಗೆ, ಪುಟ ಪುಟಾನೇ ಸರಿ ಮಾಡ್ತಿದ್ಳು. ಒಂದಿನ ಪಕ್ಕದಲ್ಲೇ ಕೂತು ನೋಡಿದೆ, 21ರಿಂದ 29ರ ಪುಟ. ಮೇಲಿಂದ ಕೆಳಗೆ ಬರೀ 2, 2, 2 ಅಂತ ಒಂಬತ್ತು ಸಲ ಬರ್ಕೊಂಡು ಹೋದ್ಳು, ಆಮೇಲೆ ವಾಪಸ್ ಮೇಲೆ ಬಂದು ಪಕ್ಕದಲ್ಲಿ 1, 2, 3, 4 ಸೇರ್ಸಿದ್ಳು. ಪುಟ ಪೂರಾ ಕರೆಕ್ಟ್! ಆದ್ರೆ ಇಪ್ಪತ್ನಾಲ್ಕು ಅನ್ನೋ ಸಂಖ್ಯೆ ಅವಳ ತಲೇಲಿ ಒಂದ್ಸಲನೂ ಹಾದು ಹೋಗಿಲ್ಲ. ನಿಮ್ಮ ಮಕ್ಕಳು ಬರೆಯೋವಾಗ ಒಂದ್ಸಲ ಹೀಗೆ ಪಕ್ಕ ಕೂತು ನೋಡಿ, ತುಂಬಿದ ಪುಟ ನೋಡಿದ್ರೆ ಇದು ಗೊತ್ತೇ ಆಗಲ್ಲ.

ಅದೇ ಬುಕ್ಕಲ್ಲಿ ಒಂದು ಪ್ರಿಂಟ್ ತಪ್ಪೂ ಇತ್ತು. 36, 37, ಒಂದು ಖಾಲಿ ಮನೆ, ಆಮೇಲೆ 40. ಅವ್ಳು 38 ಬರ್ದು ಸುಮ್ನೆ ಮುಂದಿನ ಸಾಲಿಗೆ ಹೋದ್ಳು. ಕ್ರಮ ಗೊತ್ತಿದ್ರೆ ಅಲ್ಲಿ ತಡೀಬೇಕಿತ್ತು.

ಎರಡನೇದು ಚುಕ್ಕಿ ಸೇರ್ಸಿ ಚಿತ್ರ ಮಾಡೋದು, ಬರ್ದು ಒರೆಸೋ ಥರದ್ದು, ಮಾರ್ಕರ್ ಜೊತೆ 180. ನನ್ನ ಮಗಳಿಗೆ ಇದರಷ್ಟು ಇಷ್ಟ ಬೇರೆ ಯಾವ್ದೂ ಆಗಲ್ಲ, ತಾನಾಗೇ ತಗೊಂಡು ಬರ್ತಾಳೆ. ಪೆನ್ ಹಿಡಿಯೋ ಕೈ ಗಟ್ಟಿ ಆಗೋಕೆ ಒಳ್ಳೇದು. ಆದ್ರೆ ಮೀನಿನ ಚಿತ್ರ ಅಂತ ಗೊತ್ತಾದ ತಕ್ಷಣ ಅಂಕಿ ನೋಡೋದೇ ಬಿಡ್ತಾಳೆ, 8ರಿಂದ ಸೀದಾ 11ಕ್ಕೆ ಗೆರೆ ಎಳ್ದು ಬಾಲ ಮುಗ್ಸಿದ್ಳು. ನಾಲ್ಕನೇ ಸಲಕ್ಕೆ ಚಿತ್ರಗಳೆಲ್ಲಾ ಬಾಯಿಪಾಠ. ಆಮೇಲೆ ಒಂದು ಉಪಾಯ ಮಾಡಿದೆ, ಕೊನೇ ಚುಕ್ಕಿಯಿಂದ ಹಿಂದೆ ಬಾ ಅಂದೆ, 20, 19, 18 ಅಂತ, ಆಗ ನಿಜವಾಗ್ಲೂ ಅಂಕಿ ಹುಡುಕೋಕೆ ಶುರು ಮಾಡಿದ್ಳು. ಇನ್ನೊಂದು, ನಮ್ಮ ಕಡೆ ಮಳೆಗಾಲದ ತೇವಕ್ಕೋ ಏನೋ, ಎರಡು ದಿನ ಒರೆಸದೇ ಬಿಟ್ರೆ ಮಾರ್ಕರ್ ಗುರುತು ಕೂತೇ ಬಿಡುತ್ತೆ. ಹತ್ತೀಲಿ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ಒರೆಸಿದೆ, ಹೋಯ್ತು.

ಮೂರನೇದು ಕತ್ತರ್ಸಿ ಅಂಟ್ಸೋದು, 110 ರೂಪಾಯಿ. ಪುಟದ ಕೆಳಗೆ ಐದು ಅಂಕಿ ಹಿಂದು ಮುಂದಾಗಿ ಇರುತ್ತೆ, ಕತ್ತರ್ಸಿ ಮೇಲಿನ ಖಾಲಿ ಮನೆಗಳಲ್ಲಿ ಸಣ್ಣದರಿಂದ ದೊಡ್ಡದಕ್ಕೆ ಇಡ್ಬೇಕು. ನನ್ನ ಪ್ರಕಾರ ಕ್ರಮ ಕಲಿಸೋದ್ರಲ್ಲಿ ಇದೇ ಮೇಲು. ಯಾಕಂದ್ರೆ ಅಂಟ್ಸೋ ಮುಂಚೆ ತುಂಡನ್ನ ಸರ್ಸಬಹುದು. ಬರೆಯೋ ಬುಕ್ಕಲ್ಲಿ ತಪ್ಪಾದ್ರೆ ರಬ್ಬರ್, ಉಜ್ಜಿ ಉಜ್ಜಿ ಹಾಳೆ ತೂತು, ಕಣ್ಣಲ್ಲಿ ನೀರು. ಇಲ್ಲಿ 23 ಇಟ್ಟು, 32 ಇಟ್ಟು, ನಡುವೆ 27ಕ್ಕೆ ಜಾಗ ಬೇಕು ಅಂತ ಬೆರಳಲ್ಲಿ 32ನ್ನ ಆಕಡೆ ದೂಡ್ತಾಳೆ ನೋಡಿ, ಆ ದೂಡೋದೇ ಪಾಠ. ಗಮ್ ಮಾತ್ರ ಕೊನೇಗೆ ಕೊಡಿ, ಐದೂ ಇಟ್ಟು ಬೆರಳಿಟ್ಟು ಓದಿದ ಮೇಲೆ. ಫ್ಯಾನ್ ಆಫ್ ಮಾಡಿ ಕೂರಿ, ಇಲ್ಲಾಂದ್ರೆ ತುಂಡೆಲ್ಲಾ ಮಂಚದ ಕೆಳಗೆ. ತೊಂದ್ರೆ ಏನಂದ್ರೆ ಪುಟ ಒಂದ್ಸಲಕ್ಕೆ ಮುಗೀತು, ಮೂವತ್ತು ಪುಟದ ಬುಕ್ ಒಂದೂವರೆ ತಿಂಗಳಲ್ಲಿ ಖಾಲಿ.

ನಮ್ಮ ಕಡೆ ಮಕ್ಕಳಿಗೆ ಇನ್ನೊಂದು ತೊಡಕಿದೆ, ಬುಕ್ ಮಾಡೋರು ಇದನ್ನ ಯೋಚ್ನೆ ಮಾಡಿರಲ್ಲ. ಮನೇಲಿ ಕೊಂಕಣಿ, ಓಣೀಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. 19 ಅನ್ನೋದು ಕನ್ನಡದಲ್ಲಿ ಹತ್ತು, ಆಮೇಲೆ ಒಂಬತ್ತು. ಇಂಗ್ಲಿಷಲ್ಲಿ ನೈನ್‌ಟೀನ್, ಒಂಬತ್ತು ಮುಂದೆ. ಕೊಂಕಣಿಯ ಎಕುಣೀಸ್ ಅಂದ್ರೆ ಇಪ್ಪತ್ತಕ್ಕೆ ಒಂದು ಕಮ್ಮಿ. 21 ನಮಗೆ ಇಪ್ಪತ್ತೊಂದು, ಅವಳ ಅಜ್ಜಿಗೆ ಎಕ್ವೀಸ್, ಒಂದು ಮೊದ್ಲು, ಇಪ್ಪತ್ತು ಆಮೇಲೆ. ಅಜ್ಜಿ ಎಕ್ವೀಸ್ ಬರಿ ಅಂದ್ರೆ ಇವಳು ಕೇಳಿದ ಹಾಗೇ 12 ಬರೀತಾಳೆ. ಅದು ದಡ್ಡತನ ಅಲ್ವೇ ಅಲ್ಲ. ಕೊಂಕಣಿ ಬಿಡ್ಸಿ ಅಂತ ಒಬ್ರು ಹೇಳಿದ್ರು, ನಾನು ಬಿಡ್ಸಿಲ್ಲ, ಬಿಡ್ಸೋದೂ ಇಲ್ಲ. ಗೇರುಬೀಜ ಹತ್ತತ್ತರ ಎರಡು ಗುಂಪು ಮಾಡಿ ಪಕ್ಕ ಒಂದಿಟ್ಟು 21ರ ತುಂಡು, ಒಂದೇ ಗುಂಪು ಮಾಡಿ ಪಕ್ಕ ಎರಡಿಟ್ಟು 12ರ ತುಂಡು, ಹೀಗೆ ನಾಲ್ಕೈದು ದಿನ ಮಾಡಿದ್ಮೇಲೆ ಹೆಸರು ಯಾವ ಭಾಷೇಲಿ ಕೇಳಿದ್ರೂ ಗೊಂದಲ ಕಮ್ಮಿ ಆಯ್ತು.

ಬುಕ್ ಖಾಲಿ ಆದ್ಮೇಲೆ ಮತ್ತೊಂದು ತರಲಿಲ್ಲ. ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಮುಗಿದ ತಿಂಗಳ ಹಾಳೆ ಹರ್ದು ದಪ್ಪ ತಾರೀಕುಗಳನ್ನ ಕತ್ತರ್ಸಿ ಕೊಟ್ಟೆ, ಅಂಟ್ಸೋಕೆ ಅನ್ನದ ಅಗುಳು. ಕಾಸು ಖರ್ಚಿಲ್ಲ, ಅಂಕಿ ದೊಡ್ಡದು, ಭಾನುವಾರದ್ದು ಕೆಂಪು ಇರೋದ್ರಿಂದ 7, 14, 21, 28 ಕೈಗೆ ಬಂದಾಗ ಏಳೇಳು ಜಿಗಿಯೋದು ಅವಳೇ ಕಂಡ್ಕೊಂಡ್ಳು. ಜೊತೆಗೆ 29ರಿಂದ 30ರ ದಾಟು ಅದರಲ್ಲೇ ಇದೆ, ಮಕ್ಕಳು ಇಪ್ಪತ್ತೊಂಬತ್ತು ಆದ್ಮೇಲೆ "ಇಪ್ಪತ್ತಹತ್ತು" ಅನ್ನೋದು ಅಲ್ಲೇ ಅಲ್ವಾ.

ಯಾವ್ದು ತರ್ಲಿ ಅಂತ ಕೇಳೋ ಅಮ್ಮಂದಿರಿಗೆ: ಒಂದೇ ತರೋದಾದ್ರೆ ಕತ್ತರ್ಸೋದು ತನ್ನಿ, ಇಲ್ಲಾ ಕ್ಯಾಲೆಂಡರ್ ಸಾಕು. ಬಿಟ್ಟ ಅಂಕಿದು ಒಂದೆರಡು ತಿಂಗಳು ಬಿಟ್ಟು ಕೊಡಿ, ಆಗ ಉಪಯೋಗಕ್ಕೆ ಬರುತ್ತೆ. ಯುಕೆಜೀಲೇ ನೂರು ಬರೀಬೇಕು ಅಂತ ಅವಸರ ಬೇಡ, 2021ರಲ್ಲಿ ಶುರುವಾದ ನಿಪುಣ್ ಭಾರತ್ (ಸಣ್ಣ ಮಕ್ಕಳಿಗೆ ಓದು, ಬರಹ, ಲೆಕ್ಕ ಕಲಿಸೋ ಕೇಂದ್ರ ಸರ್ಕಾರದ ಯೋಜನೆ) ಗುರಿಯಲ್ಲೇ ಒಂದನೇ ಕ್ಲಾಸಿಗೆ ಮುಂಚೆ 10ರ ತನಕ ಅಂಕಿ ಓದೋದು, 99ರ ತನಕ ಓದಿ ಬರೆಯೋದು ಒಂದನೇ ಕ್ಲಾಸಿಗೆ ಅಂತ ಇದೆ.

ಮೊನ್ನೆ ಬಸ್ಸಲ್ಲಿ ಅಂಕೋಲಾಕ್ಕೆ ಹೋಗ್ತಾ ಕಿಟಕಿ ಪಕ್ಕ ಕೂತು ಕಿಲೋಮೀಟರ್ ಕಲ್ಲು ಓದ್ತಿದ್ಳು. 12 ಕಂಡ್ತು, 11 ಕಂಡ್ತು, ಮುಂದಿನ ಕಲ್ಲು ಬರೋ ಮುಂಚೆನೇ "ಈಗ ಹತ್ತು ಬರುತ್ತೆ" ಅಂತ ನನ್ನ ಕೈ ಎಳೆದ್ಳು.