ನರ್ಸರಿ ಬೋರ್ಡಿಗೆ ಡಿಟಿಪಿ, ರೈಟರ್, ಸ್ಕ್ರಿಪ್ಟ್: ನನ್ನ ಓಟು ಸ್ಕ್ರಿಪ್ಟಿಗೆ

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ನರ್ಸರಿ. ಸಸಿಗಳ ಒಂದೊಂದು ಸಾಲಿಗೂ ಅಂಗೈಯಗಲದ ಬೋರ್ಡು ಬೇಕು: ಚಂದ್ರಗಿರಿ, ಎಸ್. 795, ಸೆಲೆಕ್ಷನ್ 9 ಕಾಫಿ ತಳಿಗಳು, ಜೊತೆಗೆ ಪನ್ನಿಯೂರು 1 ಕಾಳುಮೆಣಸು. ಸಸಿಯಲ್ಲಿ ತಳಿ ಗುರುತಿಸುವುದು ಕಷ್ಟ. ಬೋರ್ಡು ತಪ್ಪಿದರೆ ಗಿರಾಕಿಗೆ ಗೊತ್ತಾಗುವುದು ಫಸಲು ಬಂದ ಮೇಲೆ. ಆಮೇಲೆ ಬೈಗುಳ ನಮಗೆ.

ಮೊದಲು ಪೇಟೆಯ ಡಿಟಿಪಿ ಅಂಗಡಿ. ಅಲ್ಲಿರುವುದು ಯೂನಿಕೋಡ್ ಅಲ್ಲದ ಹಳೇ ಫಾಂಟು. ವಾಟ್ಸಾಪಲ್ಲಿ ಕಳಿಸಿದ ಪಟ್ಟಿ ಅದರಲ್ಲಿ ಕೂರುವುದಿಲ್ಲ, ಎಲ್ಲಾ ಮತ್ತೆ ಟೈಪ್ ಮಾಡುತ್ತಾರೆ. ಮತ್ತೆ ಟೈಪ್ ಅಂದರೆ ಮತ್ತೆ ತಪ್ಪು. ಗೇಟಿನ ದೊಡ್ಡ ಬೋರ್ಡಿಗಾದರೆ ಈಗಲೂ ಅಲ್ಲಿಗೇ ಹೋಗುತ್ತೇನೆ.

ಲಿಬ್ರೆಆಫೀಸ್ ರೈಟರ್‌ನಲ್ಲಿ ಕನ್ನಡ ಚೆನ್ನಾಗಿ ಬರುತ್ತದೆ. ಆದರೆ ಒಂದು ಹೆಸರು ಉದ್ದವಾದರೆ ಟೇಬಲ್ ಪೂರ್ತಿ ಕೆಳಗೆ ಜಾರುತ್ತದೆ.

ಸ್ಕ್ರಿಪ್ಟ್ ಅಂದರೆ ಟರ್ಮಿನಲ್ಲಿನಲ್ಲಿ (ಕಮಾಂಡು ಟೈಪ್ ಮಾಡುವ ಕಿಟಕಿ) ಒಂದಾದ ಮೇಲೊಂದು ಓಡುವ ಕಮಾಂಡುಗಳ ಪಟ್ಟಿ. ಅದರಲ್ಲಿ ಕೆಲಸ ಸುಲಭ. ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದು ಹೆಸರು. ಸಾಲುಸಾಲಾಗಿ ಓದುವ ವೈಲ್ ರೀಡ್ ಲೂಪು ಒಂದೊಂದನ್ನೂ ಚಿತ್ರ ಮಾಡುತ್ತದೆ, ಮಾಂಟಾಜ್ ಕಮಾಂಡು ಎಂಟನ್ನು ಒಂದು ಎ4 ಹಾಳೆಗೆ ಜೋಡಿಸುತ್ತದೆ.

ತಲೆನೋವು ಚಿತ್ರ ಮಾಡುವ ಹಂತದಲ್ಲಿ. ಎಲ್ಲರೂ ಹೇಳುವುದು ಇಮೇಜ್‌ಮ್ಯಾಜಿಕ್ ಎಂಬ ಚಿತ್ರದ ತಂತ್ರಾಂಶದಲ್ಲಿ ಅಕ್ಷರವನ್ನು ಚಿತ್ರ ಮಾಡುವ ‘ಲೇಬಲ್’ ಆಯ್ಕೆ. ಇಂಗ್ಲಿಷ್ ಅಕ್ಷರ ಕೊಟ್ಟರೆ ಮುತ್ತಿನಂತೆ ಬರುತ್ತದೆ. ‘ಚಂದ್ರಗಿರಿ’ ಕೊಟ್ಟೆ ನೋಡಿ, ದಕಾರದ ಕೆಳಗಿರಬೇಕಾದ ರಕಾರದ ಒತ್ತು ಬಿಡಿ ಅಕ್ಷರವಾಗಿ ಪಕ್ಕಕ್ಕೆ ಬಂತು. ಗುಣಿತವೂ ಅಷ್ಟೇ, ಎಲ್ಲೋ ತೇಲುತ್ತಿತ್ತು.

ಫಾಂಟ್ ಬದಲಿಸಿದರೂ ಅದೇ ಕಥೆ. ಯಾಕೆಂದರೆ ತಪ್ಪು ಫಾಂಟಿನದಲ್ಲ. ಅಕ್ಷರ ಕೂಡಿಸಿ ಒತ್ತು ಕೂರಿಸುವ ಕೆಲಸ ಹಾರ್ಫ್‌ಬಝ್ ಎಂಬ ತಂತ್ರಾಂಶದ್ದು. ಇಮೇಜ್‌ಮ್ಯಾಜಿಕ್ ಅದನ್ನು ರಾಕ್ಮ್ ಎಂಬ ಲೈಬ್ರರಿ ಮೂಲಕ ಬಳಸುತ್ತದೆ. ರಾಕ್ಮ್ ಸೇರಿಸದೆ ಕಟ್ಟಿದ ಆವೃತ್ತಿಯಾದರೆ ಅಕ್ಷರಗಳನ್ನು ಸುಮ್ನೆ ಒಂದರ ಪಕ್ಕ ಒಂದು ಇಟ್ಟುಬಿಡುತ್ತದೆ. ಎರರ್ ಕೂಡ ಕೊಡುವುದಿಲ್ಲ. ಕನ್ನಡ ಓದಲು ಬಾರದವರು ಪ್ರಿಂಟ್ ಕೊಟ್ಟರೆ ಹಾಳೆ ದಂಡ, ಅಲ್ವಾ?

ಲೇಬಲ್ ಬದಲು ಪ್ಯಾಂಗೊ-ವ್ಯೂ ಎಂಬ ಕಮಾಂಡು ಬಳಸಿದ ಮೇಲೆ ಆ ಕಾಟ ನಿಂತಿತು. ಉಬುಂಟು ಲಿನಕ್ಸಿನಲ್ಲಿ ಪ್ಯಾಂಗೊ1.0-ಟೂಲ್ಸ್ ಪ್ಯಾಕೇಜ್ ಹಾಕಿ, ಫಾಂಟ್ ನೋಟೊ ಸಾನ್ಸ್ ಕನ್ನಡ ಅನ್ನಿ, ಡಿಪಿಐ (ಇಂಚಿಗೆ ಎಷ್ಟು ಚುಕ್ಕಿ) 300 ಕೊಡಿ. ಒತ್ತು ಜಾಗಕ್ಕೆ ಬರುತ್ತದೆ. ಅಳತೆಗೆ ತಕ್ಕ ಅಕ್ಷರದ ಗಾತ್ರವನ್ನು ಲೇಬಲ್ ತಾನೇ ಆರಿಸುತ್ತದೆ, ಇದು ಆರಿಸುವುದಿಲ್ಲ, ಅದೊಂದೇ ಕೊರತೆ. ಉದ್ದ ಹೆಸರಿಗೆ ಸ್ಕ್ರಿಪ್ಟಿನಲ್ಲಿ ಸಣ್ಣ ಗಾತ್ರ ಬರೆದಿಟ್ಟಿದ್ದೇನೆ.

ವರ್ಷಕ್ಕೆ ಒಂದೆರಡು ಬೋರ್ಡು ಸಾಕೆನ್ನುವವರಿಗೆ ಡಿಟಿಪಿಯೇ ಲೇಸು. ನನಗೆ ಟರ್ಮಿನಲ್ ರೂಢಿ, ಮನೆಯಲ್ಲಿ ಹಳೇ ಲೇಸರ್ ಪ್ರಿಂಟರ್ ಇದೆ. ಹೊಸದಾಗಿ ಖರ್ಚಾಗುವುದು ಹಾಳೆ, ಲ್ಯಾಮಿನೇಶನ್ ಅಷ್ಟೇ. ಲ್ಯಾಮಿನೇಶನ್ ಕತ್ತರಿಸುವಾಗ ಮಾತ್ರ ಕಾಗದದ ಸುತ್ತ ಒಂದಿಷ್ಟು ಅಂಚು ಬಿಡಿ. ಕಾಗದಕ್ಕೆ ತಾಗಿಸಿ ಕತ್ತರಿಸಿದರೆ ನಮ್ಮ ಮಳೆಗೆ ನೀರು ಒಳಗೆ ಹೋಗುತ್ತದೆ.