ಬೈಲಿನ ಮನೆಗೆ ಯಾವುದು ಸರಿ: ತೆರೆದ ಕಣಿಯೋ, ಪೈಪೋ, ಇಂಗುಗುಂಡಿಯೋ?

ಕುಂದಾಪುರ, ಕೋಟ, ಬ್ರಹ್ಮಾವರ ಕಡೆ ಬೈಲಿನಲ್ಲಿ, ಎಂದರೆ ತಗ್ಗಿನ ಗದ್ದೆಬಯಲಿನಲ್ಲಿ, ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮನೆಗಳಲ್ಲಿ ಮೃಗಶಿರೆ ಕಳೆದು ಆರಿದ್ರೆ ಹಿಡಿಯುವ ಹೊತ್ತಿಗೆ ಅಂಗಳದಲ್ಲಿ ನೀರು ನಿಲ್ಲಲು ಶುರುವಾಗುತ್ತದೆ. ಇದಕ್ಕೆ ಊರಲ್ಲಿ ಐದಾರು ಮದ್ದು ಚಾಲ್ತಿಯಲ್ಲಿವೆ: ತೆರೆದ ಕಣಿ (ನೀರು ಹರಿಯುವ ಸಣ್ಣ ಕಾಲುವೆ), ನೆಲದೊಳಗಿನ ಪೈಪು, ಜಲ್ಲಿ ತುಂಬಿದ ಬಸಿಗಾಲುವೆ, ಇಂಗುಗುಂಡಿ, ಇನ್ನಷ್ಟು ಮಣ್ಣು ಏರಿಸುವುದು, ಕೊನೆಗೆ ಪಂಪು. ಎಲ್ಲವನ್ನೂ ಒಂದೇ ಬೈಲಿನಲ್ಲಿ ಹಾಕಿ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ನೀರು ಸಾಗಿಸಲು ತೆರೆದ ಕಣಿಗೆ ಸಾಟಿಯಿಲ್ಲ. ಉಳಿದವಕ್ಕೆ ಒಂದೊಂದು ಸಣ್ಣ ಕೆಲಸವಿದೆ, ಆ ಕೆಲಸಕ್ಕೆ ಮಾತ್ರ ಅವನ್ನು ಇಟ್ಟುಕೊಳ್ಳಬೇಕು.

ಆಯ್ಕೆಗೆ ಮೊದಲು ಅಳತೆ. ನಿಮ್ಮ ಅಂಗಳಕ್ಕೂ ನೀರು ಹೋಗಿ ಸೇರುವ ತೋಡಿಗೂ (ಸಣ್ಣ ಹಳ್ಳಕ್ಕೂ) ಎಷ್ಟು ಇಳಿಜಾರಿದೆ ಎಂದು ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪಿನಲ್ಲೇ ನೋಡಬಹುದು. ತೋಡಿನ ಬದಿಯಲ್ಲಿ ಒಂದು ಗೂಟ, ಅಲ್ಲಿಂದ ಹತ್ತತ್ತು ಅಡಿಗೆ ಒಂದೊಂದು ಗೂಟ ಹೊಡೆದು ಮಟ್ಟ ಗುರುತು ಮಾಡಿ. ನೋಡಬೇಕಾದ್ದು ತೋಡಿನ ತಳವನ್ನಲ್ಲ, ಜುಲೈಯಲ್ಲಿ ತೋಡಿನ ನೀರು ನಿಲ್ಲುವ ಮಟ್ಟವನ್ನು. ಬೇಸಿಗೆಯಲ್ಲಿ ಅಳೆಯುವುದಾದರೆ ತೋಡಿನ ದಂಡೆಯ ಮೇಲೆ ಕೆಸರಿನ ಗೆರೆ ಕಾಣುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನೂರು ಅಡಿಗೆ 6 ಇಂಚು ಇಳಿದರೆ 200ಕ್ಕೆ 1ರ ಇಳಿಜಾರು. ಬೈಲಿನಲ್ಲಿ ಅಷ್ಟು ಸಿಕ್ಕಿದರೆ ಪುಣ್ಯ.

ಇನ್ನು ನೀರಿನ ಲೆಕ್ಕ. 20 ಸೆಂಟ್ಸ್ ಜಾಗ ಎಂದರೆ ಸುಮಾರು 809 ಚದರ ಮೀಟರ್. ಗಂಟೆಗೆ 50 ಮಿ.ಮೀ. ಹೊಯ್ಯುವ ಮಳೆಗೆ ಇಲ್ಲಿ ಬೀಳುವ ನೀರು 40,000 ಲೀಟರ್, ಸೆಕೆಂಡಿಗೆ 11 ಲೀಟರ್. ಜುಲೈಯಲ್ಲಿ ನೆಲ ಪೂರ್ತಿ ನೆನೆದಿರುವಾಗ ಇದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹರಿದೇ ಹೋಗಬೇಕು. ಮೇಲಿನ ಜಾಗದಿಂದ ನುಗ್ಗುವ ನೀರು ಬೇರೆ.

ಈಗ ಕಣಿಯನ್ನೂ ಪೈಪನ್ನೂ ಪಕ್ಕಪಕ್ಕ ಇಡಿ. 200ಕ್ಕೆ 1ರ ಇಳಿಜಾರಿನಲ್ಲಿ 4 ಇಂಚಿನ ಪಿವಿಸಿ ಪೈಪು ತುಂಬಿ ಹರಿದರೂ ಸೆಕೆಂಡಿಗೆ ಸುಮಾರು 5 ಲೀಟರ್ ಸಾಗಿಸುತ್ತದೆ, 6 ಇಂಚಿನದು ಸುಮಾರು 13. ತಳ ಒಂದೂವರೆ ಅಡಿ, ಎರಡೂ ಬದಿ ಓರೆ, ನೀರು ಒಂದು ಅಡಿ ಆಳ ಇರುವ ಮಣ್ಣಿನ ಕಣಿ ಅದೇ ಇಳಿಜಾರಿನಲ್ಲಿ 150 ಲೀಟರ್ ದಾಟಿಸುತ್ತದೆ. ಹುಲ್ಲು ಬೆಳೆದು ಅರ್ಧಕ್ಕೆ ಇಳಿದರೂ 6 ಇಂಚಿನ ಪೈಪಿನ ಐದಾರು ಪಟ್ಟು. "ಪೈಪು ಹಾಕಿ ಮುಚ್ಚಿಬಿಟ್ಟರೆ ಚೆಂದ" ಎನ್ನುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಪೈಪಿಗೆ ಬೈಲಿನಲ್ಲಿ ಇನ್ನೊಂದು ತೊಂದರೆಯಿದೆ, ಅದು ಹಲವರ ಗಮನಕ್ಕೆ ಬರುವುದು ಮಳೆಗಾಲ ಶುರುವಾದ ಮೇಲೆ. ಮೇಲೆ ವಾಹನ ಓಡುವುದಾದರೆ ಪೈಪಿನ ಬೆನ್ನಿಗೆ ಒಂದೂವರೆ ಅಡಿ ಮಣ್ಣು ಬೇಕು. ಅಲ್ಲಿಗೆ ಪೈಪಿನ ತಳ ಎರಡು ಅಡಿ ಕೆಳಗೆ ಹೋಯಿತು. ಜುಲೈಯಲ್ಲಿ ತೋಡಿನ ನೀರು ಅದಕ್ಕಿಂತ ಮೇಲಿದ್ದರೆ ಪೈಪು ಸದಾ ತುಂಬಿಯೇ ಇರುತ್ತದೆ, ಹರಿವು ನಿಧಾನವಾಗಿ ಕೆಸರು ಕೆಳಗೆ ಕೂರುತ್ತದೆ, ಎರಡು ಮಳೆಗಾಲದಲ್ಲಿ ಅರ್ಧ ಪೈಪು ಮಣ್ಣಾಗುತ್ತದೆ. ಮನೆಗಳಿಗೆ ಹೋಗಿ ಪೈಪಿನ ಬಾಯಿ ನೋಡಿದರೆ ಮತ್ತೂ ಒಂದು ಸಂಗತಿ ಕಾಣುತ್ತದೆ: ಮಟ್ಟಸವಾಗಿ ಕೂರಿಸಿದ ಜಾಲರಿಯ ಮೇಲೆ ತೆಂಗಿನ ಹೂವಿನ ಉದುರು, ಹಲಸಿನ ತರಗೆಲೆ, ಅಡಿಕೆ ಹಾಳೆಯ ಚೂರು ಸೇರಿ ಚಾಪೆ ಹಾಸಿದಂತೆ ಮುಚ್ಚಿಕೊಂಡಿರುತ್ತದೆ, ಅದರ ಮೇಲೆ ನೀರು, ಕೆಳಗೆ ಪೈಪು ಖಾಲಿ. ಪೈಪು ಅನಿವಾರ್ಯವಾದರೆ ಜಾಲರಿಯನ್ನು ಓರೆಯಾಗಿ ನಿಲ್ಲಿಸಿ, ಸರಳುಗಳ ನಡುವೆ ಒಂದು ಇಂಚು ಬಿಡಿ. ಮೂವತ್ತು ನಲವತ್ತು ಅಡಿಗೊಂದು ಮತ್ತು ತಿರುವಿಗೊಂದು 2x2 ಅಡಿಯ ಚೇಂಬರ್ ಕಟ್ಟಿ, ಚೇಂಬರಿನ ತಳ ಪೈಪಿಗಿಂತ ಒಂದು ಅಡಿ ಕೆಳಗಿರಲಿ. ಕೆಸರು ಅಲ್ಲಿ ಕೂತರೆ ಬಾಲ್ದಿಯಲ್ಲಿ ತೆಗೆಯಬಹುದು.

ಗೇಟಿನ ಅಡಿಯಲ್ಲಿ ಪೈಪಿಗಿಂತ ಎತ್ತಿಡಬಹುದಾದ ಚಪ್ಪಡಿ ಮೇಲು. ಕಣಿಯ ಎರಡೂ ಬದಿಗೆ ಕೆಂಪುಕಲ್ಲು ಕಟ್ಟಿ ಮೇಲೆ ಕಾಂಕ್ರೀಟ್ ಚಪ್ಪಡಿ ಜೋಡಿಸಿ. ಜನ ಓಡಾಡುವಲ್ಲಿ 2 ಅಡಿ ಉದ್ದ, ಒಂದೂವರೆ ಅಡಿ ಅಗಲ, 3 ಇಂಚು ದಪ್ಪದ್ದು ಸಾಕು. ತೂಕ ಸುಮಾರು 50 ಕಿಲೋ, ಇಬ್ಬರು ಎತ್ತಬಹುದು. ಕಾರು ದಾಟುವ ಕಡೆ ಕಬ್ಬಿಣ ಕಟ್ಟಿದ 6 ಇಂಚಿನದು ಬೇಕು.

ಕಣಿ ತೆಗೆಯುವ ಕ್ರಮಕ್ಕೂ ಬೆಲೆಯಿದೆ. ಕೆಲಸ ಶುರುವಾಗಬೇಕಾದ್ದು ತೋಡಿನ ಕಡೆಯಿಂದ, ಅಲ್ಲಿಂದ ಮನೆಯತ್ತ ಅಗೆಯುತ್ತ ಬರಬೇಕು. ಜೆಸಿಬಿ ತಂದರೆ ಬದಿಗಳು ನೆಟ್ಟಗೆ ನಿಲ್ಲುತ್ತವೆ, ಮೊದಲ ದೊಡ್ಡ ಮಳೆಗೇ ಕುಸಿಯುತ್ತವೆ. ಯಂತ್ರ ಹೋದ ಮೇಲೆ ಹಾರೆ ಹಿಡಿದು ಬದಿಯನ್ನು ಓರೆ ಮಾಡಲೇಬೇಕು: ಜೇಡಿಮಣ್ಣಿನಲ್ಲಿ ಒಂದಡಿ ಎತ್ತರಕ್ಕೆ ಒಂದಡಿ ಓರೆ, ಹೊಯ್ಗೆಯಲ್ಲಿ (ಮರಳಿನಲ್ಲಿ) ಎರಡಡಿ. ತಳದಲ್ಲಿ ಗುಂಡಿ ಉಳಿಯಬಾರದು, ಉಳಿದರೆ ಮಳೆ ಬಿಟ್ಟ ವಾರದಲ್ಲಿ ಸೊಳ್ಳೆ ಮರಿ ಹಾಕುತ್ತದೆ. ತೆಗೆದ ಮಣ್ಣನ್ನು ಕಣಿಯ ಅಂಚಿಗೇ ಗುಡ್ಡೆ ಹಾಕಿದರೆ ಅದೇ ಮಣ್ಣು ಮರಳಿ ಕಣಿಗೆ ಬರುತ್ತದೆ. ಬದಿಯ ಹುಲ್ಲನ್ನು ಕೀಳಬೇಡಿ, ತಳವನ್ನು ಮಾತ್ರ ಕೆರೆಯಿರಿ. ಬದಿಯನ್ನು ಹಿಡಿದು ನಿಲ್ಲಿಸಿರುವುದು ಆ ಹುಲ್ಲೇ. ಪತ್ತನಾಜೆಯ (ಮೇ ಕೊನೆಯ) ಹೊತ್ತಿಗೆ ಒಮ್ಮೆ, ಆಟಿ ತಿಂಗಳ (ಜುಲೈ-ಆಗಸ್ಟ್) ನಡುವೆ ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಕೆರೆದರೆ ಸಾಕು.

ಕಣಿಯ ನಿಜವಾದ ಖರ್ಚು ಜಾಗ. ಒಂದೂವರೆ ಅಡಿ ಆಳದ ಓರೆ ಕಣಿಗೆ ಮೇಲೆ ನಾಲ್ಕೂವರೆ ಅಡಿ ಅಗಲ ಬೇಕು. ನೂರು ಅಡಿ ಗಡಿಯಲ್ಲಿ ಇದು 450 ಚದರ ಅಡಿ, ಒಂದು ಸೆಂಟ್ಸ್ ಹೋಯಿತು. ಜಾಗ ಚಿಕ್ಕದಾದವರು ಎರಡೂ ಬದಿಗೆ ಕೆಂಪುಕಲ್ಲು ಕಟ್ಟಿ ಎರಡು ಅಡಿಗೆ ಇಳಿಸಬಹುದು. ಆಗ ಗಾರೆ ಬಳಿಯದೆ ಒಣಕಲ್ಲು ಕಟ್ಟಿ, ಅಥವಾ ಮೂರು ಅಡಿಗೊಂದು ತೂತು ಬಿಡಿ. ಪೂರ್ತಿ ಸಿಮೆಂಟು ಬಳಿದ ಕಣಿಯೊಳಗೆ ಸುತ್ತಲಿನ ನೆಲದ ನೀರು ಬರಲಾಗದೆ ಹಿಂದಿನಿಂದ ಒತ್ತಿ ಗೋಡೆಯನ್ನೇ ಒಳಕ್ಕೆ ದೂಡುತ್ತದೆ.

ಜಲ್ಲಿ ತುಂಬಿದ ಬಸಿಗಾಲುವೆಗೆ ಒಂದೇ ಒಳ್ಳೆಯ ಕೆಲಸ: ಮನೆಯ ಪಂಚಾಂಗಕ್ಕೆ (ಗೋಡೆಯ ಕೆಳಗಿನ ಅಡಿಗಟ್ಟಿಗೆ) ತಾಗುವ ತೇವವನ್ನು ಇಳಿಸುವುದು. ಗೋಡೆಯಿಂದ ಮೂರು ಅಡಿ ದೂರದಲ್ಲಿ, ಒಂದಡಿ ಅಗಲ, ಒಂದೂವರೆ ಅಡಿ ಆಳ ತೆಗೆಯಿರಿ. ಅಡಿಪಾಯದ ತಳಕ್ಕಿಂತ ಕೆಳಗೆ ಹೋಗಬೇಡಿ. ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಕಾಲುವೆಗೆ ಹಾಸಿ, ತೂತುಗಳು ಕೆಳಮುಖವಾಗಿರುವಂತೆ 4 ಇಂಚಿನ ಪೈಪಿಟ್ಟು, 20 ಎಂಎಂ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಚಿ. ಅರುವತ್ತು ಅಡಿಗೆ ಸುಮಾರು 90 ಘನ ಅಡಿ ಜಲ್ಲಿ ಹಿಡಿಯುತ್ತದೆ. ಕೆಡುವುದು ಮೂರು ಕಾರಣಕ್ಕೆ: ಜಲ್ಲಿಯನ್ನು ತೊಳೆಯದೆ ಹಾಕಿದರೆ ಕ್ರಷರ್ ಧೂಳು ತಳದಲ್ಲಿ ಗಾರೆಯಂತೆ ಕೂರುತ್ತದೆ, ಬಟ್ಟೆಯನ್ನು ಪೈಪಿಗೇ ಸುತ್ತಿದರೆ ಗದ್ದೆಯ ಜೇಡಿ ತೂತುಗಳನ್ನೇ ಕಟ್ಟುತ್ತದೆ, ಮಾಡಿನ (ಛಾವಣಿಯ) ನೀರನ್ನು ಇದಕ್ಕೆ ಬಿಟ್ಟರೆ ಇದು ತಾಳುವುದಿಲ್ಲ. ಜಲ್ಲಿಯ ಬದಲು ತೆಂಗಿನ ಸಿಪ್ಪೆ ತುಂಬುವವರಿದ್ದಾರೆ. ಮೊದಲು ಚೆನ್ನಾಗಿ ಬಸಿಯುತ್ತದೆ, ಕೊಳೆತ ಮೇಲೆ ಕಾಲುವೆ ಕುಸಿಯುತ್ತದೆ. ತೋಟಕ್ಕೆ ಅಡ್ಡಿಯಿಲ್ಲ, ಮನೆಯ ಬದಿಗೆ ಬೇಡ.

ಇಂಗುಗುಂಡಿ ಗುಡ್ಡೆಯ ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಒಳ್ಳೆಯದು, ಬೈಲಿಗೆ ಹೇಳಿದ್ದಲ್ಲ. ಒಂದು ಮೀಟರ್ ಅಗಲ, ಎರಡು ಮೀಟರ್ ಆಳದ ಗುಂಡಿಗೆ ಕಲ್ಲು ತುಂಬಿದರೆ ನೀರಿಗೆ ಉಳಿಯುವುದು ಸುಮಾರು 630 ಲೀಟರ್. ಸಾವಿರ ಚದರ ಅಡಿಯ ಮಾಡಿನಿಂದ ಆ 50 ಮಿ.ಮೀ. ಮಳೆಯಲ್ಲಿ ಗಂಟೆಗೆ 4,600 ಲೀಟರ್ ಬರುತ್ತದೆ. ಎಂಟು ನಿಮಿಷಕ್ಕೆ ಗುಂಡಿ ಭರ್ತಿ. ಬೈಲಿನಲ್ಲಿ ಜುಲೈ ಹೊತ್ತಿಗೆ ಅಂತರ್ಜಲವೇ ಗುಂಡಿಯೊಳಗೆ ಏರಿರುತ್ತದೆ, ಇಂಗಲು ಜಾಗವೆಲ್ಲಿ? ಅನುಮಾನವಿದ್ದರೆ ಪುನರ್ವಸು ಮಳೆಯಲ್ಲಿ ಎರಡು ಅಡಿ ಆಳದ ಹೊಂಡ ತೋಡಿ ನೋಡಿ. ಮರುದಿನ ಬೆಳಿಗ್ಗೆ ಹೊಂಡ ತಾನಾಗಿ ತುಂಬಿದ್ದರೆ ಇಂಗುಗುಂಡಿಯ ಯೋಚನೆ ಬಿಡಬೇಕು.

ಮಣ್ಣು ಏರಿಸುವುದು ಮನೆಯ ಪಂಚಾಂಗದ ಮಟ್ಟಿಗೆ ಸರಿ, ಇಡೀ ಹಿತ್ತಿಲಿಗೆ ಸರಿಯಲ್ಲ. 10 ಸೆಂಟ್ಸ್ ಜಾಗವನ್ನು ಒಂದಡಿ ಏರಿಸಲು, ಮಣ್ಣು ಕೂರುವುದನ್ನೂ ಸೇರಿಸಿ, 300 ಘನ ಅಡಿಯ ಟಿಪ್ಪರಿನಲ್ಲಿ ಹದಿನೆಂಟು ಲೋಡು ಬೇಕು. ಹಲಸು, ಮಾವಿನ ಬುಡಕ್ಕೆ ಮಣ್ಣು ಏರಿದರೆ ಮರ ಸೊರಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಮೇಲಿನ ಮನೆಯ ನೀರಿಗೆ ದಾರಿ ಕಟ್ಟುತ್ತದೆ. ಮೇಲಿನ ಜಾಗದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವರು ಬಿಡಬೇಕೆಂಬ ಹಕ್ಕು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಸೆಕ್ಷನ್ನಿನ ಉದಾಹರಣೆಗಳಲ್ಲೇ ಇದೆ. ಮಣ್ಣು ಹಾಕುವ ಮೊದಲು ಗಡಿಯಲ್ಲಿ ಕಣಿ ಬಿಟ್ಟರೆ ನೆರೆಮನೆಯವರ ಜೊತೆ ಮಾತೂ ಉಳಿಯುತ್ತದೆ.

ಹೊಳೆಬಾಯಿಗೆ ಹತ್ತಿರದ ಜಾಗಗಳ ಕಥೆ ಬೇರೆ. ಅಲ್ಲಿ ದಿನಕ್ಕೆರಡು ಸಲ ಭರತ (ಸಮುದ್ರದ ಉಬ್ಬರ) ಬಂದಾಗ ತೋಡಿನ ನೀರು ಹಿಮ್ಮುಖವಾಗಿ ಏರುತ್ತದೆ, ಎಷ್ಟು ಒಳ್ಳೆಯ ಕಣಿಯಾದರೂ ಆ ಹೊತ್ತಿಗೆ ಉಪ್ಪುನೀರನ್ನೇ ಮನೆಗೆ ತರುತ್ತದೆ. ಕುಮಟಾ ಕಡೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗಿನ) ಗದ್ದೆಗಳ ಒಡ್ಡಿಗೆ ಹಲಗೆಯ ಬಾಗಿಲು ಇಡುವುದು ಇದಕ್ಕೇ. ಮನೆಯ ಮಟ್ಟಿಗೆ ಕಣಿಯ ಕೊನೆಯಲ್ಲಿ ಸಣ್ಣ ಒಡ್ಡು ಕಟ್ಟಿ, ಅದರೊಳಗೆ ಒಂದಡಿಯ ಸಿಮೆಂಟ್ ಪೈಪು ಹಾಯಿಸಿ, ತೋಡಿನ ಕಡೆಯ ಬಾಯಿಗೆ ಮೇಲಿನಿಂದ ತೂಗುವ ರಬ್ಬರ್ ಅಂಚಿನ ಮುಚ್ಚಳ ಹಾಕಿದರೆ ನೀರು ಹೊರಗೆ ಹೋಗುತ್ತದೆ, ಒಳಗೆ ಬರುವುದಿಲ್ಲ. ಭರತದ ಮೂರ್ನಾಲ್ಕು ಗಂಟೆ ಮಳೆಯೂ ಜೋರಾದರೆ ಮಾತ್ರ ಪಂಪು ಬೇಕು. ಜೋರುಮಳೆಯ ರಾತ್ರಿ ಕರೆಂಟು ಇರುತ್ತದೆ ಎಂದು ನಂಬುವಂತಿಲ್ಲ, ಹಾಗಾಗಿ ಪೆಟ್ರೋಲ್ ಇಲ್ಲವೇ ಡೀಸೆಲ್ ಪಂಪೇ ಆಗಬೇಕು. ಮುಚ್ಚಳದ ಸಂದಿಯಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೂ ಉಪ್ಪುನೀರು ಒಳಗೆ ಬರುತ್ತದೆ, ಒಡ್ಡಿಗೆ ಏಡಿ ತೂತು ಕೊರೆದರೂ ಅಷ್ಟೇ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತಕ್ಕೆ ಒಂದು ದಿನ ಮೊದಲು, ಇಳಿತದ ಹೊತ್ತಿನಲ್ಲಿ, ಎರಡನ್ನೂ ಕೈಯಾಡಿಸಿ ನೋಡಿ. ತೂತು ಸಿಕ್ಕಿದರೆ ಜೇಡಿಮಣ್ಣು ತುಂಬಿ ಮೆಟ್ಟಿ ಗಟ್ಟಿ ಮಾಡಿ.